ಬೆನ್ನ ಹಿಂದೆ ನಿಂತವಳು

"ಬಿಡ್ರೀ ಅವನ್ನ! ಬಿಡ್ರೀ ಅಂತಿದ್ದೀನಿ!"

ಜೀವಿತಾ ಕೂಗಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಶೆಟ್ಟಿಕೆರೆಯ ಊರಾಚೆಯ ನಾರಿನ ಮಿಲ್ಲು ಅದು. ತೆಂಗಿನ ಮಟ್ಟೆ ತುಂಬಿದ ಲಾರಿಗೆ ಮೇಸ್ತ್ರಿ ಅರುಣ್ ಕುಮಾರನನ್ನು ಒತ್ತಿ ಹಿಡಿದು, ಅವಳು ಎಂದೂ ನೋಡಿರದ ಎತ್ತರದ ಯುವಕನೊಬ್ಬ ಅವನ ಕುತ್ತಿಗೆ ಅಮುಕುತ್ತಿದ್ದ. ಮೇಸ್ತ್ರಿಯ ಮೂಗಿನಿಂದ ಇಳಿದ ರಕ್ತ ಬಿಳಿ ಅಂಗಿಯ ತುಂಬ ಹರಡಿತ್ತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಸುತ್ತ ನಿಂತ ಇಪ್ಪತ್ತು ಹೆಂಗಸರಲ್ಲಿ ಒಬ್ಬರೂ ಮಿಸುಕುತ್ತಿರಲಿಲ್ಲ.

ಸತ್ತೇ ಹೋಗ್ತಾನೆ... ದೇವರೇ, ಇದೇ ಮಿಲ್ಲಲ್ಲಿ ಇನ್ನೊಂದು ಸಾವು!

ಓಡಿದವಳೇ ಕೈ ಬೀಸಿದಳು.

ಛಟಾರ್!

ಯುವಕನ ಹಿಡಿತ ಸಡಿಲಿತು. ಅರುಣ್ ಕುಮಾರ್ ನೆಲಕ್ಕೆ ಕುಸಿದು ಕೆಮ್ಮತೊಡಗಿದ. ಯುವಕ ನಿಧಾನವಾಗಿ ಅವಳತ್ತ ತಿರುಗಿದ. ಕೆಂಪೇರಿದ ಕೆನ್ನೆಯ ಮೇಲೆ ಅವಳ ಐದೂ ಬೆರಳು ಮೂಡಿದ್ದವು. ಆದರೂ ಅವನು ಕೈ ಎತ್ತಲಿಲ್ಲ.

"ಕೇಳಿ ಹೊಡೀಬೋದಿತ್ತು ಮೇಡಂ," ಎಂದ. "ಅಲ್ನೋಡಿ."

ಮಟ್ಟೆ ರಾಶಿಯ ಪಕ್ಕ ಬೋರಕ್ಕ ಕುಕ್ಕರಿಸಿದ್ದಳು. ಮಿಲ್ಲಿನ ಹಳೆಯ ಕೆಲಸಗಾರ್ತಿ. ಐವತ್ತು ದಾಟಿದ ಜೀವ. ರವಿಕೆಯ ಬೆನ್ನು ಹರಿದು, ಮೂರು ಬಾಸುಂಡೆ ಎದ್ದಿದ್ದವು. ಅವಳ ಕಾಲ ಬಳಿ ನೀರಲ್ಲಿ ನೆನೆದ ಹಗ್ಗದ ತುಂಡೊಂದು ಬಿದ್ದಿತ್ತು.

ಜೀವಿತಾ ಅವಳ ಬಳಿ ಮಂಡಿಯೂರಿದಳು.

"ಬೋರಕ್ಕ... ಯಾಕೆ ಹೊಡೆದ?"

"ಮೇಸ್ತ್ರೀನ ಕೇಳ್ದೆ ನೀರು ಕುಡ್ಯಕ್ಕೆ ಎದ್ದೋದೆ ಕಣವ್ವ," ಎಂದಳು ಬೋರಕ್ಕ, ತನ್ನದೇ ತಪ್ಪು ಎನ್ನುವಂತೆ.

ಯಜಮಾನಿಯಾಗಿ ಜೀವಿತಾ ಮಿಲ್ಲಿಗೆ ಕಾಲಿಟ್ಟು ಅಂದಿಗೆ ನಾಲ್ಕೇ ದಿನ. ಅಪ್ಪ ಕಾಡಸಿದ್ದಪ್ಪ ಎರಡು ವರ್ಷದಿಂದ ಮಿಲ್ಲಿನ ಕಡೆ ತಲೆ ಹಾಕದೆ ಎಲ್ಲವನ್ನೂ ಈ ಮೇಸ್ತ್ರಿಯ ಕೈಗೆ ಬಿಟ್ಟಿದ್ದರು. ಬಿಟ್ಟಿದ್ದರ ಫಲ ಈಗ ಕಣ್ಣೆದುರಿಗಿತ್ತು.

"ಅರುಣ್ ಕುಮಾರ್, ಇವತ್ತಿಗೆ ನಿಮ್ಮ ಕೆಲಸ ಮುಗೀತು. ಹೊರಗೆ ನಡೀರಿ!"

ಅವನು ರಕ್ತ ಉಗುಳಿ ಎದ್ದ. "ಹೆಂಗಸು ಮಿಲ್ಲು ನಡೆಸ್ತಾಳಂತೆ! ನಡೆಸು, ನೋಡ್ತೀನಿ ಕಣೇ. ಇದೇ ಅಂಗಳದಾಗೆ ನಿನ್ನ ಜುಟ್ಟು ಹಿಡೀದಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದೋನೇ ಅಲ್ಲ!"

ಯುವಕ ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ. ಅರುಣ್ ಕುಮಾರ್ ಗೇಟು ದಾಟಿಯಾಗಿತ್ತು.

"ನೀವ್ಯಾರು?"

"ರುದ್ರೇಶ. ಮಿಶನ್ ಶೆಡ್ಡಿಗೆ ಸೂಪರ್‌ವೈಸರ್ ಬೇಕು ಅಂತ ಬೋರಕ್ಕ ಹೇಳಿ ಕಳ್ಸಿತ್ತು." ಅವನು ಕೆನ್ನೆ ಸವರಿಕೊಂಡ. "ಕೆಲಸ ಐತಾ ಮೇಡಂ, ಇಲ್ಲಾ ಏಟು ಮಾತ್ರಾನಾ?"

ಕ್ಷಮಿಸಿ ಅನ್ನಬೇಕು ಎಂದುಕೊಂಡಳು. ಬಾಯಿಂದ ಬಂದದ್ದೇ ಬೇರೆ.

"ನಾಳೆ ಎಂಟಕ್ಕೆ ಬನ್ನಿ. ಒಂದು ನಿಮಿಷ ತಡ ಆಗಬಾರದು."

ಮಿಲ್ಲಿನಿಂದ ಹಗ್ಗದ ಏಟು ಹೋಯಿತು. ಅದರ ಜಾಗಕ್ಕೆ ಜೀವಿತಾಳ ಕಣ್ಣು ಬಂತು!

ಹದಿನಾರು ಕ್ಯಾಮೆರಾ. ನೀರಿಗೆ ಎದ್ದರೆ ಬರೆಯಬೇಕು, ಬಂದು ಕೂತರೆ ಬರೆಯಬೇಕು. ಮಟ್ಟೆಯನ್ನು ಯಾವ ಕೈಯಲ್ಲಿ ಹಿಡಿಯಬೇಕು, ನಾರನ್ನು ಎಷ್ಟು ಸಲ ಕೊಡವಬೇಕು... ಎಲ್ಲವನ್ನೂ ಅವಳೇ ಹೇಳಬೇಕು. ಇಡೀ ದಿನ ಒಬ್ಬರಲ್ಲ ಒಬ್ಬರ ಬೆನ್ನ ಹಿಂದೆ ನಿಂತಿರುತ್ತಿದ್ದಳು. ದೊಡ್ಡ ಮಿಶನ್ನಿನ ಸ್ವಿಚ್ಚನ್ನಂತೂ ತನ್ನ ಅಪ್ಪಣೆಯಿಲ್ಲದೆ ರುದ್ರೇಶನೂ ಮುಟ್ಟುವ ಹಾಗಿರಲಿಲ್ಲ.

ಆ ಮಿಶನ್ನು ಕಂಡರೆ ಅವಳಿಗೆ ಈಗಲೂ ನಡುಕ. ಮಟ್ಟೆ ಬಡಿದು ನಾರು ಬಿಡಿಸುವ ದೊಡ್ಡ ಡ್ರಮ್ಮು, ಒಳಗೆ ಸಾಲುಸಾಲು ಕಬ್ಬಿಣದ ಹಲ್ಲು. ಎರಡು ವರ್ಷದ ಹಿಂದೆ ಅಣ್ಣ ಮೋಕ್ಷಿತನ ಹೆಗಲ ಟವೆಲ್ಲು ಆ ಹಲ್ಲಿಗೆ ಸಿಕ್ಕಿತ್ತು. ಟವೆಲ್ಲಿನ ಹಿಂದೆ ಅವನ ತೋಳು... ತೋಳಿನ ಹಿಂದೆ ಅವನು. ಅಪ್ಪನನ್ನು ನೋಡಲು ಬಂದಿದ್ದ ಜೀವಿತಾ ಪಕ್ಕದ ಆಫೀಸಿನಲ್ಲಿ ಗೆಳತಿಯೊಂದಿಗೆ ಫೋನಿನಲ್ಲಿ ನಗುತ್ತಿದ್ದಳು. ಓಡಿ ಬಂದಾಗ ಡ್ರಮ್ಮಿನ ಬಾಯಲ್ಲಿ ನಾರು ಕೆಂಪಾಗಿ ಬರುತ್ತಿತ್ತು.

ನಾನು ನೋಡ್ತಿದ್ದಿದ್ರೆ ಅಣ್ಣ ಉಳೀತಿದ್ದ. ಇನ್ನು ಮೇಲೆ ಒಂದು ಕ್ಷಣವೂ ಕಣ್ಣು ತೆಗೆಯಲ್ಲ!

ಅವಳ ಈ ಹಟದ ಹಿಂದಿನ ಕಾರಣ ರುದ್ರೇಶನಿಗೆ ಹೇಗೆ ಗೊತ್ತಾಗಬೇಕು?

"ಮೇಡಂ, ಮಚ್ಚು ಹಿಡಿದೋರ ಬೆನ್ನ ಹಿಂದೆ ನಿಲ್ಲಬ್ಯಾಡಿ. ಕೈ ನಡುಗ್ತದೆ," ಎಂದ ಒಂದು ದಿನ.

"ಕೆಲಸ ಗೊತ್ತಿದ್ದೋರ ಕೈ ಯಾಕೆ ನಡುಗುತ್ತೆ?"

"ಗೊತ್ತಿದ್ದೋರ ಕೈಯೇ ಜಾಸ್ತಿ ನಡುಗೋದು. ನನ್ನ ಮೇಲೆ ನಂಬಿಕೆ ಇಲ್ವಲ್ಲ ಅಂತ."

"ನಿಮ್ಮ ಬುದ್ಧಿ ನಿಮ್ಮ ಹತ್ರಾನೇ ಇಟ್ಕೊಳ್ಳಿ ರುದ್ರೇಶ್!"

ಅವನು ಶೆಡ್ಡಿನ ಕಡೆ ನಡೆದ.

ಮಾರನೆಯ ದಿನ ಬೋರಕ್ಕ ಒಣ ಮಟ್ಟೆಗಳನ್ನು ಮಚ್ಚಿನಿಂದ ಸೀಳುತ್ತಿದ್ದಳು. ಜೀವಿತಾ ಸದ್ದಿಲ್ಲದೆ ಹೋಗಿ ಹಿಂದೆ ನಿಂತಳು. ಎರಡು ನಿಮಿಷ ನೋಡಿದಳು. ತಡೆಯಲಾಗಲಿಲ್ಲ.

"ಹಾಗಲ್ಲ ಬೋರಕ್ಕ! ಎಷ್ಟು ಸಲ ಹೇಳೋದು!"

ಬೋರಕ್ಕ ಬೆಚ್ಚಿ ಬಿದ್ದಳು. ಮಚ್ಚು ಮಟ್ಟೆಯ ಮೇಲಿಂದ ಜಾರಿ ಎಡಗೈಗೆ ಇಳಿಯಿತು.

ಹೆಬ್ಬೆರಳ ಬುಡ ಬಾಯಿ ಬಿಟ್ಟಿತ್ತು. ಬಿಳಿ ಮೂಳೆ ಒಂದು ಕ್ಷಣ ಕಂಡು ರಕ್ತದಲ್ಲಿ ಮುಳುಗಿತು. ಜೀವಿತಾಳ ಸೀರೆ, ಮುಖ, ತುಟಿಯ ಮೇಲೆಲ್ಲ ಬಿಸಿ ರಕ್ತ! ಅವಳು ಕಲ್ಲಾಗಿ ನಿಂತಿದ್ದಳು. ರುದ್ರೇಶ ಎಲ್ಲಿಂದಲೋ ಹಾರಿ ಬಂದು, ತನ್ನ ಅಂಗಿಯನ್ನೇ ಹರಿದು ಬಿಗಿದು, ಬೋರಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಾಡಿಯತ್ತ ಓಡಿದ.

ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಬಿತ್ತು. ಜೀವಿತಾ ಬೋರಕ್ಕನ ಕಾಲ ಬಳಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ನಾನೇ ಮಾಡಿದ್ದು ಬೋರಕ್ಕ... ನೋಡ್ತಾನೇ ಇದ್ದೆ. ನೋಡ್ತಾ ಇದ್ರೂ ಹಿಂಗಾಯ್ತಲ್ಲ!"

ಬೋರಕ್ಕ ಒಳ್ಳೆಯ ಕೈಯಿಂದ ಅವಳ ತಲೆ ಸವರಿದಳು. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದಳು.

"ನಿಮ್ಮಣ್ಣ ಹೋದ ದಿನ ನಾನು ಸ್ವಿಚ್ಚಿಂದ ನಾಕೇ ಹೆಜ್ಜೆ ದೂರದಾಗಿದ್ದೆ ಕಣವ್ವ."

ಜೀವಿತಾ ತಲೆ ಎತ್ತಿದಳು.

"ನನ್ನ ಕೇಳ್ದೆ ಸ್ವಿಚ್ಚು ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದ ಆ ಮೇಸ್ತ್ರಿ. ಹಿಂದಿನ ವಾರ ಮುಟ್ಟಿದ ಒಬ್ಬಳಿಗೆ ಮುರಿದೂ ಇದ್ದ. ಅದುಕ್ಕೇ... ಅವನ್ನ ಕೂಗ್ಕೊಂಡು ಓಡಿದ್ನಲ್ಲವ್ವ ನಾನು! ಅವನು ಬರೋ ಹೊತ್ಗೆ ಎಲ್ಲಾ ಮುಗ್ದಿತ್ತು." ಬೋರಕ್ಕ ಕಟ್ಟು ಹಾಕಿದ ಕೈ ನೋಡಿಕೊಂಡಳು. "ನೋಡೋ ಕಣ್ಣು ಇಪ್ಪತ್ತಿದ್ವು. ಮುಟ್ಟೋ ಕೈ ಒಂದೂ ಇರ್ಲಿಲ್ಲ."

ಯಾರೂ ನೋಡದೆ ಅಣ್ಣ ಸತ್ತ ಎಂದು ತಾನು ನಂಬಿದ್ದೆಲ್ಲ ಸುಳ್ಳು! ಎಲ್ಲರೂ ನೋಡಿದ್ದರು. ಅಪ್ಪಣೆಗಾಗಿ ಕಾದಿದ್ದರು. ಈಗ ತಾನೂ ಅದೇ ನಿಯಮ ಮಾಡಿದ್ದಳಲ್ಲ...

ಬಾಗಿಲಲ್ಲಿ ಬನಿಯನ್ನಿನಲ್ಲೇ ನಿಂತಿದ್ದ ರುದ್ರೇಶನ ಕಡೆ ತಿರುಗಿದಳು. "ನಂಗೆ ಗೊತ್ತಾಗ್ತಿಲ್ಲ ರುದ್ರೇಶ್. ಕಣ್ಣು ತೆಗೆದು ಹೆಂಗಿರೋದು? ಹೇಳಿಕೊಡಿ."

"ಏನು ಆಗ್ಬೇಕು ಅನ್ನೋದು ನೀವು ಹೇಳಿ. ಹೆಂಗೆ ಅನ್ನೋದು ಅವರಿಗೆ ಬಿಡಿ. ತಪ್ಪಾದ್ರೆ ಬಂದು ಹೇಳೋ ಧೈರ್ಯ ಅವರಿಗಿರ್ಬೇಕು. ಅಷ್ಟು ಮಾಡಿ ಸಾಕು."

"ಅಷ್ಟೇನಾ?"

"ಅಷ್ಟೇ. ಆದ್ರೆ ಅದು ಮಚ್ಚಿನ ಕೆಲಸಕ್ಕಿಂತ ಕಷ್ಟ ಮೇಡಂ."

ಮುಂದಿನ ಸೋಮವಾರ ಜೀವಿತಾ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದಳು. "ಮಿಶನ್ನು ಯಾರಿಗೆ ಅನುಮಾನ ಬಂದ್ರೂ ನಿಲ್ಲಿಸಿ. ನನ್ನ ಕೇಳಬೇಡಿ. ಸುಮ್ಮಸುಮ್ಮನೆ ನಿಲ್ಲಿಸಿದ್ರೂ ನಾನು ಬೈಯಲ್ಲ. ಯಾರು ಎಲ್ಲಿ ಕೂರಬೇಕು, ಯಾವ ಕೆಲಸ ಯಾರದು, ನೀವೇ ಮಾತಾಡ್ಕೊಳ್ಳಿ."

ಮೊದಲ ದಿನ ಯಾರೂ ನಂಬಲಿಲ್ಲ. ಮೂರನೆಯ ದಿನ ಶಶಿರೇಖಾ ಎಂಬ ಹುಡುಗಿ ಅಂಜುತ್ತಾ ಸ್ವಿಚ್ಚು ಆರಿಸಿದಳು. ನೋಡಿದರೆ ಬೆಲ್ಟು ಅರ್ಧ ಹರಿದಿತ್ತು! ಎಲ್ಲರೂ ಜೀವಿತಾಳ ಮುಖ ನೋಡಿದರು. ಅವಳು ಚಪ್ಪಾಳೆ ತಟ್ಟಿದಳು. ಅವತ್ತಿನಿಂದ ಮಿಲ್ಲಿನ ಗಾಳಿಯೇ ಬೇರೆಯಾಯಿತು. ಕೆಲಸದ ನಡುವೆ ಹಾಡು ಕೇಳಿಸತೊಡಗಿತು. ಒಂದೇ ತಿಂಗಳಲ್ಲಿ ಲಾರಿಗಳು ಮೊದಲಿಗಿಂತ ಬೇಗ ತುಂಬಿ ಹೊರಟವು.

ಜೀವಿತಾಳ ಪಾಡು ಮಾತ್ರ ಯಾರಿಗೂ ಬೇಡ! ಎದ್ದು ಹೋಗಿ ನೋಡಬೇಕು ಎಂದು ಕಾಲು ತುಡಿಯುತ್ತಿತ್ತು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಆಫೀಸಿನಲ್ಲಿ ಕೂರುತ್ತಿದ್ದಳು. ಅದನ್ನು ಕಂಡು ರುದ್ರೇಶ ಮೊದಲ ಸಲ ಗಟ್ಟಿಯಾಗಿ ನಕ್ಕ. ಆ ನಗು ಮತ್ತೆ ಕೇಳಲಿ ಎಂದು ಅವಳು ಮಾರನೆಯ ದಿನವೂ ಹಾಗೇ ಕೂತಳು.

ಕ್ಯಾಮೆರಾಗಳನ್ನು ಒಂದೊಂದಾಗಿ ತೆಗೆಸಿದಳು. ಕೊನೆಯದೊಂದನ್ನು ತೆಗೆಸಲು ಮನಸ್ಸು ಬರಲಿಲ್ಲ. ಅದು ಮಿಶನ್ ಶೆಡ್ಡಿನದು. ರುದ್ರೇಶ ನಿಲ್ಲುವ ಜಾಗ.

ಛೀ, ಇದೇನಾಗಿದೆ ನನಗೆ! ಮೈಯೆಲ್ಲ ನಾಚಿ, ಅದನ್ನೂ ತೆಗೆಸಿದಳು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ.

ಒಂದು ಸಂಜೆ ಅವಳ ಮೊಬೈಲಿಗೆ ಅರುಣ್ ಕುಮಾರನಿಂದ ಹಳೆಯ ಪೇಪರಿನ ಚಿತ್ರವೊಂದು ಬಂತು. ತುರುವೇಕೆರೆ ಕಡೆಯ ಒಂದು ಮಿಲ್ಲಿನ ಸುದ್ದಿ. 'ಕೆಲಸಗಾರನ ಮೇಲೆ ಸೂಪರ್‌ವೈಸರ್ ಹಲ್ಲೆ: ಒಂದು ಕಣ್ಣು ನಷ್ಟ.' ಪಕ್ಕದಲ್ಲಿ ಪೊಲೀಸರ ನಡುವೆ ತಲೆ ತಗ್ಗಿಸಿ ನಿಂತಿದ್ದವನು... ರುದ್ರೇಶ!

ಬೆಳಗ್ಗೆ ಅವನು ಬರುವುದನ್ನೇ ಕಾದಿದ್ದಳು. ಫೋನನ್ನು ಅವನ ಮುಖಕ್ಕೆ ಹಿಡಿದಳು.

"ಇದು ನಿಜಾನಾ?"

ಅವನ ಮುಖದ ರಕ್ತ ಇಳಿದು ಹೋಯಿತು. "ನಿಜ."

"ಯಾಕೆ ಹೊಡೆದಿರಿ?"

"ಊಟದಿಂದ ಹತ್ತು ನಿಮಿಷ ತಡವಾಗಿ ಬಂದ ಅಂತ." ಅವನು ಒಂದು ನೆಪವನ್ನೂ ಹೇಳಲಿಲ್ಲ. "ಕೈಯಾಗೆ ಕಬ್ಬಿಣದ ರಾಡಿತ್ತು. ನಾನು ಆ ಅರುಣನಂಗೇ ಇದ್ದೆ ಮೇಡಂ. ಅವನಿಗಿಂತ ಕೆಟ್ಟೋನು. ಎಂಟು ತಿಂಗಳು ಜೈಲಾಗಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳ್ಬೇಕು ಅಂತ ದಿನಾ ಬತ್ತಿದ್ದೆ. ನೀವು ನಗೋದು ನೋಡಿ ವಾಪಸ್ ಹೋಗ್ತಿದ್ದೆ."

ಜೀವಿತಾಳ ಕಣ್ಣು ತುಂಬಿತು. ಇವನ ಮಾತು ಕೇಳಿ ಕಣ್ಣು ತೆಗೆದೆ. ಇವನನ್ನು ನಂಬಿ... ಇವನನ್ನೇ...

"ಹೊರಟು ಹೋಗಿ ರುದ್ರೇಶ್. ಈಗಲೇ!"

ಅವನು ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ತನ್ನ ಬ್ಯಾಗು ಎತ್ತಿಕೊಂಡು ನಡೆದುಬಿಟ್ಟ. ಜೀವಿತಾ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ತಲೆಯಿಟ್ಟಳು.

ಹನ್ನೊಂದರ ಹೊತ್ತಿಗೆ ಬೋರಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೈಯ ಕಟ್ಟು ಇನ್ನೂ ಬಿಚ್ಚಿರಲಿಲ್ಲ.

"ಆ ಕಣ್ಣು ಕಳ್ಕೊಂಡೋನು ಯಾರು ಅಂತ ಕೇಳಿದ್ಯೇನವ್ವ?"

ಜೀವಿತಾ ಮೇಜಿನಿಂದ ಮುಖ ಎತ್ತಿ, ಇಲ್ಲವೆಂದು ತಲೆಯಾಡಿಸಿದಳು.

"ಗೊಲ್ಲರಪ್ಪ ಅಂತ. ನನ್ನ ಒಡಹುಟ್ಟಿದ ತಮ್ಮ."

ಜೀವಿತಾ ದಿಗ್ಗನೆ ಎದ್ದಳು. "ಏನಂತಿದ್ದೀಯ ಬೋರಕ್ಕ! ನೀನೇ ತಾನೇ ಅವರನ್ನ ಇಲ್ಲಿಗೆ ಕರೆಸಿದ್ದು?"

"ಊಂ. ಜೈಲಿಂದ ಬಂದೋನೇ ಸೀದಾ ನಮ್ಮ ಹಟ್ಟಿಗೆ ಬಂದ. ನಮ್ಮ ಗಂಡಸ್ರು ಕಟ್ಟಿ ಹಾಕಿ ಹೊಡುದ್ರು. ಕೈ ಎತ್ತಲಿಲ್ಲ ಕಣವ್ವ, ಪಕ್ಕೆ ಮೂಳೆ ಮುರುದ್ರೂ ಎತ್ತಲಿಲ್ಲ! ಅವತ್ತಿಂದ ಎಲ್ಡು ವರ್ಷ ನನ್ನ ತಮ್ಮನ ತೋಟ ಗೇದವ್ನೆ. ಈಗ್ಲೂ ರಜ ಇದ್ರೆ ಅಲ್ಲೇ. ಕಣ್ಣು ಕಳ್ಕೊಂಡೋನೇ ಹೇಳಿದ, ಅಕ್ಕ, ಇವನಿಗೊಂದು ಕೆಲಸ ನೋಡು ಅಂತ." ಬೋರಕ್ಕ ಅವಳ ಕಣ್ಣೊಳಗೆ ನೋಡಿದಳು. "ನಮ್ಮ ರಕ್ತ ಹೋದೋರು ನಾವೇ ಬುಟ್ಟಿದ್ದೀವಿ. ನೀನ್ಯಾಕವ್ವ ಹಿಡ್ಕಂಡಿದ್ದೀಯಾ?"

ಮೊದಲ ದಿನದಂತೆಯೇ ಇವತ್ತೂ ಪೂರ್ತಿ ಕೇಳದೆ ಹೊಡೆದಿದ್ದಳು!

"ಎಲ್ಲಿದ್ದಾರೆ ಅವರು?"

"ಊರೊಳಗೆ ಬಸ್ಸು ಕಾಯ್ತಾ ಅವ್ನೆ."

ಅವಳು ಅಂಗಳಕ್ಕೆ ಓಡಿದಳು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಪಿಕಪ್ ಗಾಡಿಯೊಂದು ರೊಯ್ಯನೆ ನುಗ್ಗಿ ಬಂತು. ನಾಲ್ವರು ಇಳಿದರು. ಕೈಯಲ್ಲಿ ರಾಡು, ದೊಣ್ಣೆ. ಕೊನೆಯಲ್ಲಿ ಅರುಣ್ ಕುಮಾರ್ ಇಳಿದು ಗೇಟು ಎಳೆದು ಮುಚ್ಚಿದ.

"ನಾಯಿ ಹೋಯ್ತಲ್ಲ? ಇನ್ನು ಮನೆಗೆ ನುಗ್ಗಕ್ಕೆ ಏನಡ್ಡಿ!"

ಆ ಪೇಪರಿನ ಚಿತ್ರ ಕಳಿಸಿದ್ದು ಯಾಕೆಂದು ಅವಳಿಗೆ ಆಗ ಅರ್ಥವಾಯಿತು.

ರಾಡಿನ ಮೊದಲ ಏಟು ಅವಳ ಹೆಗಲಿಗೆ ಬಿತ್ತು. ಕುಸಿದವಳ ಜಡೆಯನ್ನು ಅರುಣ್ ಕುಮಾರ್ ಕೈಗೆ ಸುತ್ತಿಕೊಂಡು ಎಳೆದ. ಮಣ್ಣು, ಕಲ್ಲು, ನಾರಿನ ಚೂರುಗಳ ಮೇಲೆ ಅವಳ ಮೈ ಕಿತ್ತು ಬಂತು. ಅಡ್ಡ ಬಂದ ಶಶಿರೇಖಾಳ ಹಣೆ ಒಡೆಯಿತು. ಆಫೀಸಿನ ಗಾಜು ಸಿಡಿಯಿತು. ಮೂಲೆಗೆ ಸರಿದ ಹೆಂಗಸರ ಕಿರುಚಾಟದ ನಡುವೆ ಅವಳಿಗೆ ಒಂದೇ ಸದ್ದು ಕೇಳುತ್ತಿತ್ತು. ಹತ್ತಿರವಾಗುತ್ತಿದ್ದ ಡ್ರಮ್ಮಿನ ಗರಗರ.

"ನಿಮ್ಮಣ್ಣ ಹೋದ ದಾರೀಲೇ ಹೋಗು ಬಾ!"

ಮುಖದ ಮುಂದೆ ಕಬ್ಬಿಣದ ಹಲ್ಲು ಗಿರ್ರನೆ ತಿರುಗುತ್ತಿತ್ತು. ಬಿಸಿ ಗಾಳಿ ಕೆನ್ನೆಗೆ ಬಡಿಯಿತು. ಸೆರಗಿನ ತುದಿ ಹಾರಿ ಹಲ್ಲಿಗೆ ಸಿಕ್ಕಿತು. ಸೀರೆ ಅವಳನ್ನು ಎಳೆಯತೊಡಗಿತು...

ಸುತ್ತಲೂ ಇಪ್ಪತ್ತು ಮುಖಗಳು. ಎಲ್ಲವೂ ಅವಳತ್ತ. ಏನು ಮಾಡಲವ್ವ ಎಂದು ಕೇಳುವ ಕಣ್ಣುಗಳು.

ಜೀವಿತಾ ಉಸಿರೆಲ್ಲ ಸೇರಿಸಿ ಕೂಗಿದಳು. "ನಿಮಗೆ ಗೊತ್ತು!"

ಅಷ್ಟೇ ಸಾಕಾಯಿತು.

ಬೋರಕ್ಕ ನಾಲ್ಕು ಹೆಜ್ಜೆಯನ್ನು ಒಂದೇ ಜಿಗಿತಕ್ಕೆ ದಾಟಿ, ಕಟ್ಟು ಹಾಕಿದ ಕೈಯಿಂದಲೇ ಸ್ವಿಚ್ಚು ಬಡಿದಳು. ಡ್ರಮ್ಮು ನರಳಿ ನರಳಿ ನಿಂತಿತು. ಸೆರಗು ಮೊಳದಷ್ಟು ಒಳಗೆ ಹೋಗಿತ್ತು. ಅಷ್ಟರಲ್ಲಿ ಹೆಂಗಸೊಬ್ಬಳು ಪುಂಡರ ಕಣ್ಣಿಗೆ ನಾರಿನ ಪುಡಿ ಎರಚಿದಳು. ಇಬ್ಬರು ಗೇಟು ತೆಗೆದು ಊರವರನ್ನು ಕೂಗಿದರು. ಮಚ್ಚಿನ ಹಿಡಿ, ಹಸಿ ಮಟ್ಟೆ, ಕಲ್ಲು... ಏಟಿನ ಸುರಿಮಳೆ! ಯಾರಿಗೂ ಯಾರೂ ಹೀಗೆ ಮಾಡು ಎಂದು ಹೇಳಲಿಲ್ಲ. ಇಬ್ಬರು ಪುಂಡರು ಬಿದ್ದರು, ಇಬ್ಬರು ಗೋಡೆ ಹಾರಿ ಓಡಿದರು.

ತೆರೆದ ಗೇಟಿನಿಂದ ರುದ್ರೇಶ ನುಗ್ಗಿ ಬಂದ. ಅಜ್ಜಿಗೆ ಬುತ್ತಿ ತಂದಿದ್ದ ಬೋರಕ್ಕನ ಮೊಮ್ಮಗಳು ಅವನಿಗೆ ಫೋನು ಮಾಡಿದ್ದಳು. ಯಾರದೋ ಬೈಕು ಕಿತ್ತುಕೊಂಡು ಬಂದಿದ್ದ. ಅರುಣ್ ಕುಮಾರ್ ಸೊಂಟದಿಂದ ಚೂರಿ ತೆಗೆದು ಜೀವಿತಾಳ ಮೇಲೆ ಬೀಸಿದ. ರುದ್ರೇಶ ಅಡ್ಡ ಬಂದ. ಚೂರಿ ಅವನ ಭುಜದೊಳಗೆ ಹಿಡಿಯವರೆಗೂ ಇಳಿಯಿತು.

ಅವನು ಕೂಗಲಿಲ್ಲ. ಅರುಣ್ ಕುಮಾರನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, ಪಕ್ಕದಲ್ಲಿ ಬಿದ್ದಿದ್ದ ರಾಡನ್ನು ಎತ್ತಿದ. ಕಣ್ಣಲ್ಲಿ ಮನುಷ್ಯನೇ ಇರಲಿಲ್ಲ.

ಬೇಡ ಎಂಬ ಮಾತು ಜೀವಿತಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಇದು ಅವನೇ ತೀರ್ಮಾನಿಸಬೇಕಾದ್ದು. ನನ್ನ ಅಪ್ಪಣೆಗೆ ನಿಂತರೆ, ನಾಳೆ ನಾನಿಲ್ಲದಾಗ? ಅವಳು ಅವನ ಎದುರಿಗೆ, ಅವನಿಗೆ ಕಾಣುವ ಹಾಗೆ ಕೂತಳು. ಸುಮ್ಮನೆ ನೋಡಿದಳು.

ರಾಡು ಗಾಳಿಯಲ್ಲಿ ನಡುಗಿತು. ಒಂದು ಕ್ಷಣ... ಎರಡು ಕ್ಷಣ...

ಅದು ಠಣ್ಣೆಂದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ರುದ್ರೇಶನೂ ಪಕ್ಕಕ್ಕೆ ಒರಗಿದ.

ಪೊಲೀಸರು ಬರುವ ಹೊತ್ತಿಗೆ ಅರುಣ್ ಕುಮಾರನನ್ನೂ ಅವನ ಇಬ್ಬರನ್ನೂ ಮಿಲ್ಲಿನದೇ ಹಗ್ಗದಿಂದ ಕಂಬಕ್ಕೆ ಬಿಗಿದಾಗಿತ್ತು. ಓಡಿದವರಿಬ್ಬರೂ ಹುಳಿಯಾರಿನಲ್ಲಿ ಸಿಕ್ಕಿಬಿದ್ದರು.

ತಿಪಟೂರಿನ ಆಸ್ಪತ್ರೆಯಲ್ಲಿ ರುದ್ರೇಶ ಕಣ್ಣು ಬಿಟ್ಟಾಗ ಮೂರನೆಯ ದಿನದ ಮಧ್ಯಾಹ್ನ. ಮಂಚದ ಪಕ್ಕ ಜೀವಿತಾ. ಹೆಗಲಿಗೆ ಕಟ್ಟು, ಕೆನ್ನೆಯ ತುಂಬ ತರಚು ಗಾಯ, ನಿದ್ದೆಯಿಲ್ಲದ ಕಣ್ಣು. ಬಾಗಿಲಾಚೆ ಬೆಂಚಿನ ಮೇಲೆ ಕಾಡಸಿದ್ದಪ್ಪ ಕೂತಿದ್ದರು.

"ನಿಮ್ಮಪ್ಪಾರು..." ಎಂದು ಅವನು ಏಳಲು ಹೋದ.

"ಮಲಗಿ! ನಿನ್ನೆಯಿಂದ ಅಲ್ಲೇ ಕೂತಿದ್ದಾರೆ. ಎಲ್ಲಾ ಹೇಳಿದ್ದೀನಿ. ನಿಮ್ಮ ಜೈಲು, ನನ್ನ ತಪ್ಪು, ಆಮೇಲೆ... ಇನ್ನೊಂದು ವಿಷಯ."

"ಯಾವುದು?"

ಅವಳು ತಲೆ ತಗ್ಗಿಸಿದಳು. "ನೀವಿಲ್ಲದೆ ನಂಗಾಗಲ್ಲ ಅನ್ನೋದು."

ಅವನ ಕಣ್ಣ ಕೊನೆಯಿಂದ ನೀರು ಇಳಿದು ದಿಂಬಿಗೆ ಸೇರಿತು.

"ನಾನು ಒಬ್ಬನ ಕಣ್ಣು ಕಿತ್ತೋನು. ಯೋಚನೆ ಮಾಡಿ."

"ಮಾಡಿದೆ. ನಿಮ್ಮ ಜೊತೆ ನಾನೂ ಗೊಲ್ಲರಪ್ಪನ ಮನೆಗೆ ಬರ್ತೀನಿ. ಅವರ ಮುಂದೆ ನಿಂತು ಒಪ್ಪಿಗೆ ಕೇಳ್ತೀನಿ." ಅವಳ ದನಿ ಒಡೆಯಿತು. "ಆದ್ರೆ ನಂಗೆ ಭಯ ಕಣ್ರೀ. ಕಣ್ಣು ಮುಚ್ಚಿದ್ರೆ ನೀವೂ ಅಣ್ಣನ ಹಂಗೆ ಹೋಗ್ಬಿಟ್ರೆ ಅಂತ... ಮೂರು ದಿನದಿಂದ ನಿಮ್ಮ ಉಸಿರನ್ನೇ ನೋಡ್ತಾ ಕೂತಿದ್ದೀನಿ."

"ಮಿಲ್ಲು?"

"ಬೋರಕ್ಕ ನಡೆಸ್ತಿದ್ದಾಳೆ. ಒಂದು ಫೋನೂ ಮಾಡಿಲ್ಲ ನಾನು."

ಅವನ ಒಣಗಿದ ತುಟಿಯ ಮೇಲೆ ನಗು ಮೂಡಿತು. ಗಾಯವಿಲ್ಲದ ಕೈಯನ್ನು ಹಾಸಿಗೆಯ ಮೇಲೆ ಅವಳತ್ತ ಸರಿಸಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೇಡಂ, ಸ್ವಲ್ಪ ನಿದ್ದೆ ಮಾಡಿ."

"ಇನ್ನೂ ಮೇಡಮ್ಮಾ?"

"ಮತ್ತೆ ಏನಂತ ಕರೀಲಿ?"

"ನಿಮಗೆ ಹೆಂಗೆ ಬೇಕೋ ಹಂಗೆ."

ಅವನು ಯೋಚಿಸಿದ. ನಾಲ್ಕು ಸಲ ಬಾಯಿ ತೆರೆದು ಮುಚ್ಚಿದ. ಅವಳು ಕಾದಳು.

"ಜೀವಿ..."

"ಹ್ಞೂಂ."

"ಹೊಲಿಗೆ ನೋಯ್ತಾ ಐತೆ ಕಣೇ. ಕೈ ಬಿಡಬ್ಯಾಡ."

"ಬಿಡಲ್ಲ," ಎಂದು ಅವಳು ಹಾಸಿಗೆಯ ಅಂಚಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.